ಸಿಸ್ಟರಕ್ಕನ ಕೈಗಳು

ಸಿಸ್ಟರಕ್ಕನ ಉಗುರುಗಳು ಬೆರಳಿನ ತುದಿಗಿಂತ ಒಳಗೇ ಇರುತ್ತಿದ್ದವು. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದು ಬೆರಳ ಗಂಟುಗಳ ಚರ್ಮ ಹಳೆಯ ಸುಣ್ಣದ ಗೋಡೆಯಂತೆ ಬಿರಿದಿತ್ತು. ಅದಕ್ಕೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ನಮ್ಮ ಬಾಗಿಲು ತೆರೆದರೆ ಅವರಿಗಿಂತ ಮೊದಲು ಆ ಎಣ್ಣೆಯ ವಾಸನೆ ಒಳಗೆ ಬರುತ್ತಿತ್ತು.

ಗಲ್ಫಿನಲ್ಲಿ, ಐನ್ ಖಾಲಿದ್ ಬಡಾವಣೆಯ ನಮ್ಮ ವಿಲ್ಲಾವನ್ನು ಆರು ಮನೆಗಳಾಗಿ ಒಡೆದಿದ್ದರು. ಕೆಳಗೆ ಅವರೊಬ್ಬರೇ, ಮೇಲೆ ನಾನು, ನನ್ನ ಗಂಡ, ಮಗಳು. ಅವರು ಮೂಲ್ಕಿ ಕಡೆಯವರು, ಮನೆಮಾತು ತುಳು. ನಾನು ಮೈಸೂರಿನವಳು, ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕಾಗದಪತ್ರ ಬರೆಯುವ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನನ್ನ ಮಗಳು ಅದಕ್ಕೊಂದು ಅಕ್ಕ ಸೇರಿಸಿದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಆ ದಿನ ಡ್ಯೂಟಿ ಇತ್ತು" ಎಂದು ನಗುತ್ತಿದ್ದರು.

ನಲವತ್ತು ದಾಟಿದ ನನಗೆ ಮರಳಿನಲ್ಲಿ ಸೈಕಲ್ ತುಳಿಯಲು ಕಲಿಸಿದವರು ಅವರು. ಅಲ್ ವುಕೈರ್ ದಾಟಿ, ಡಾಂಬರು ಮುಗಿಯುವಲ್ಲಿ ಕಾರು ನಿಲ್ಲಿಸಿ, ದಪ್ಪ ಟೈರುಗಳ ಗಾಳಿ ಅರ್ಧ ಬಿಟ್ಟು ಇಳಿಯುತ್ತಿದ್ದೆವು. ನಾನು ಹೆದರಿ ಹ್ಯಾಂಡಲ್ ಬಿಗಿ ಹಿಡಿದರೆ ಹಿಂದಿನಿಂದ ಕೂಗುತ್ತಿದ್ದರು: "ಅದರ ಕುತ್ತಿಗೆ ಹಿಚುಕ್ಬೇಡ ಮಾರಾಯ್ತಿ! ಅದಕ್ಕೂ ಸ್ವಲ್ಪ ದಾರಿ ಗೊತ್ತುಂಟು."

ತುಳಿಯುವುದಕ್ಕಿಂತ ಹೆಚ್ಚು ಹೊತ್ತು ತೊಳೆಯುವುದಕ್ಕೆ ಹಿಡಿಯುತ್ತಿತ್ತು. ಅಂಗಳದಲ್ಲಿ ನೀಲಿ ಬಟ್ಟೆ ಹಾಸಿ, ಬಿಚ್ಚಿದ ಒಂದೊಂದು ಬೋಲ್ಟನ್ನೂ ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳಂತೆ ಸಾಲಾಗಿ ಇಡುತ್ತಿದ್ದರು. "ತೆಗೆದದ್ದು ಎಷ್ಟು?" "ಎಂಟು ಅಕ್ಕ." "ಹಾಕಿದ್ದು?" "ಎಂಟು." ಲೆಕ್ಕ ತಾಳೆಯಾದ ಮೇಲೆಯೇ "ಖಲಾಸ್, ಈಗ ಚಾ ಮಾಡು" ಎನ್ನುತ್ತಿದ್ದದ್ದು.

ಮೂರು ವರ್ಷದ ಹಿಂದೆ, ಜನವರಿಯಲ್ಲಿ, ನಾವಿಬ್ಬರೂ ಸೈಕಲ್‌ಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಜಾರ್ಜಿಯಾಕ್ಕೆ ಹೋದೆವು. "ನಾನು ಹಿಮ ನೋಡಿದ್ದು ಫ್ರಿಜ್ಜಿನೊಳಗೆ ಮಾತ್ರ. ಒಂದ್ಸಲ ಅದರ ಮೇಲೆ ತುಳೀಬೇಕು" ಎಂದು ಹಟ ಹಿಡಿದವರು ಅವರೇ. ಹಳ್ಳಿಯ ಮೇಲಿನ ಕಾಡುದಾರಿಯಲ್ಲಿ ಹಿಮ ಚಕ್ರದ ಅರ್ಧದವರೆಗೆ ಬರುತ್ತಿತ್ತು. ಹತ್ತು ಮಾರು ತುಳಿಯುವುದು, ಐವತ್ತು ಮಾರು ತಳ್ಳುವುದು. ಇಳಿಜಾರಿನಲ್ಲಿ ಮಾತ್ರ ಸದ್ದೇ ಇಲ್ಲದೆ ಸಾಗಿದೆವು. ಚಕ್ರದ ಕೆಳಗೆ ಹಿಟ್ಟು ಒತ್ತಿದಂಥ ಒಂದು ಮೆತ್ತನೆಯ ಶಬ್ದ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಸಿಸ್ಟರಕ್ಕ ನಾಲ್ಕು ಸಲ ಬಿದ್ದರು. ಪ್ರತಿ ಸಲವೂ ಬಲಗೈ ಬ್ರೇಕಿನಿಂದ ಜಾರಿತು. "ಚಳಿ ಮಾರಾಯ್ತಿ, ಬೆರಳು ಸತ್ತೇ ಹೋಗಿದೆ" ಎಂದು ಹಿಮದಲ್ಲೇ ಕೂತು ನಕ್ಕರು. ನಾನೂ ನಕ್ಕೆ.

ಹಿಮ ಕರಗಲೆಂದು ಅಲ್ಲಿಯ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಅದು ಒಳಗೆ ಸೇರಿದರೆ ಕಬ್ಬಿಣ ತಿನ್ನುತ್ತದೆ ಎಂದು, ಮರಳಿ ಬಂದ ಮಾರನೆಯ ದಿನವೇ ನೀಲಿ ಬಟ್ಟೆ ಹಾಸಿದರು. ಅಂಗಳದಲ್ಲಿ ಹಿತವಾದ ಬಿಸಿಲಿತ್ತು. ಚೈನಿನ ಸಂದಿಯಿಂದ ಬಿಳಿ ಪುಡಿ ಉದುರುತ್ತಿತ್ತು. ಬ್ರೇಕಿನ ಸಣ್ಣ ಬೋಲ್ಟೊಂದನ್ನು ಬಿಚ್ಚಿ ಬಟ್ಟೆಯ ಮೇಲಿಡಲು ಹೋದಾಗ ಅದು ಅವರ ಬೆರಳಿನಿಂದ ಹಾರಿ ಚರಂಡಿಯ ಕಡೆಗೆ ಉರುಳಿತು. ನಾನು ಹೆಕ್ಕಿ ತಂದುಕೊಟ್ಟೆ. ಮತ್ತೆ ಬಿತ್ತು.

ಅವರು ಬಲಗೈಯನ್ನು ಮುಂದೆ ಚಾಚಿ ನೋಡಿದರು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅಲುಗುತ್ತಿತ್ತು.

"ಇಲ್ಲಿ ಚಳಿ ಇಲ್ಲಲ್ಲ" ಎಂದರು.

"ಪ್ರಯಾಣದ ಸುಸ್ತು ಅಕ್ಕ."

"ಅಲ್ಲ. ಒಂದು ತಿಂಗಳಿಂದ ಆಗಾಗ ಉಂಟು. ನಿದ್ದೆ ಸಾಲದ್ದು ಅಂದ್ಕೊಂಡಿದ್ದೆ." ಕೈಯನ್ನು ಮಡಿಲಿಗೆ ಎಳೆದುಕೊಂಡು ಹೇಳಿದರು: "ನಾಡಿದ್ದು ಕೇಸುಂಟು. ಡಾಕ್ಟರು ನನ್ನ ಮುಖ ನೋಡದೆ ಕೈ ಚಾಚ್ತಾರೆ. ನಾನು ಕೊಡೋ ಕತ್ತರಿ ಸರಿಯಾಗೇ ಇರ್ತದೆ ಅಂತ."

ನಾನು ಹೇಳಬಾರದ್ದನ್ನು ಹೇಳಿದೆ. "ರಿಟೈರ್ ಆಗೋಕೆ ಇನ್ನೆರಡೇ ವರ್ಷ. ಸದ್ಯಕ್ಕೆ ಯಾರಿಗೂ ಹೇಳ್ಬೇಡಿ. ಥಿಯೇಟರ್ ಬೇಡ ಅಂತ ಬೇರೆ ಏನಾದ್ರೂ ಕಾರಣ ಕೊಡೋಣ, ನಾನೇ ಬರೆದುಕೊಡ್ತೀನಿ."

ಬರೆದೂಬಿಟ್ಟೆ. ಇಂಥದ್ದರಲ್ಲಿ ನಾನು ಪಳಗಿದವಳು. ವೈಯಕ್ತಿಕ ಕಾರಣಗಳಿಂದ ವಿಭಾಗ ಬದಲಾವಣೆ ಕೋರುತ್ತೇನೆ ಎಂದು ನಾಲ್ಕು ನುಣುಪಾದ ಸಾಲುಗಳು. ಸಿಸ್ಟರಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೈಯಲಿಲ್ಲ.

"ವೈಯಕ್ತಿಕ ಎಂತದ್ದು ಇದರಲ್ಲಿ? ಕೈ ನಡುಗ್ತದೆ ಅಂತ ಬರಿ. ಯಾವಾಗಿಂದ ಅಂತಲೂ ಬರಿ. ಈ ಒಂದು ತಿಂಗಳಲ್ಲಿ ನಾನು ನಿಂತ ಕೇಸುಗಳನ್ನು ಅವರು ಮತ್ತೆ ನೋಡ್ಬೇಕಲ್ವಾ?"

ನನಗೆ ಅಳು ಬಂತು. ಅವರು ಹೇಳಿದಂತೆಯೇ ಬರೆದೆ. ಸಿಸ್ಟರಕ್ಕ ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಪತ್ರ ಕೊಟ್ಟು, ಮತ್ತೆಂದೂ ಥಿಯೇಟರಿನ ಒಳಗೆ ಕಾಲಿಡಲಿಲ್ಲ. ಹಿಂದಿನ ಕೇಸುಗಳನ್ನೆಲ್ಲ ಆಸ್ಪತ್ರೆಯವರು ಮತ್ತೆ ನೋಡಿದರು, ಯಾರಿಗೂ ತೊಂದರೆಯಾಗಿರಲಿಲ್ಲ. ಪಾರ್ಕಿನ್ಸನ್ ಎಂದು ಗೊತ್ತಾಗಲು ಇನ್ನೆರಡು ತಿಂಗಳು ಬೇಕಾಯಿತು. ಹೊಸ ನರ್ಸುಗಳಿಗೆ ಕಲಿಸುವ ಕೆಲಸ ಕೊಟ್ಟರು. ಒಂದೂವರೆ ವರ್ಷ ಅದನ್ನು ಮಾಡಿದರು. ಆ ದಿನಗಳಲ್ಲಿ ಸೈಕಲ್ ತೊಳೆಯುತ್ತಿದ್ದದ್ದು ನಾನು; ಅವರು ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದರು. ಆಮೇಲೆ ಮೂಲ್ಕಿಗೆ, ತಂಗಿಯ ಮನೆಗೆ ಹೊರಟುಹೋದರು.

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಒಂದು ಪ್ರಸಂಗ ನಡೆಯಿತು. ನೇಪಾಳದ ಡ್ರೈವರೊಬ್ಬ ಸಾಮಾನು ಇಳಿಸುವಾಗ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡಿದ್ದ. ಪರಿಹಾರ ಕೊಡುವುದು ತಪ್ಪಲೆಂದು, ಊರಿಗೆ ಕಳಿಸುವ ಕಾಗದದಲ್ಲಿ "ಸ್ವಂತ ಇಚ್ಛೆಯಿಂದ" ಎಂದು ಬರೆಯಲು ಮ್ಯಾನೇಜರ್ ಹೇಳಿದರು. ನಾನು "ಕೆಲಸದ ವೇಳೆ ಬಿದ್ದು ಗಾಯಗೊಂಡ ಕಾರಣ" ಎಂದು ಬರೆದೆ. ಅವರು ವಾಪಸ್ ಕಳಿಸಿದರು. ಮತ್ತೆ ಅದನ್ನೇ ಬರೆದು ಕಳಿಸಿದೆ, ಅದೂ ವಾಪಸ್ ಬಂತು. ಮೂರನೆಯ ಸಲ ಸಹಿ ಬಿತ್ತು. ಕಾಗದ ಹಿಡಿದುಕೊಂಡು ಅವನು ಊರಿಗೆ ಹೋದ.

ಆ ಶುಕ್ರವಾರ ಸಿಸ್ಟರಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಶಭಾಷ್ ಎನ್ನುತ್ತಾರೆ ಎಂದು ಕಾದೆ, ಸುಳ್ಳು ಯಾಕೆ ಹೇಳಲಿ. ಅವರ ದನಿ ಈಗ ತೀರ ಸಣ್ಣದಾಗಿದೆ. ಮಾತು ಹೊರಡಲು ಹೊತ್ತು ಹಿಡಿಯುತ್ತದೆ. ಕೊನೆಗೆ ಕೇಳಿದರು:

"ಆ ಮನುಷ್ಯನ ಬೆನ್ನು ಈಗ ಹೇಗುಂಟು?"

ನಾನು ವಿಚಾರಿಸಿಯೇ ಇರಲಿಲ್ಲ. ಫೋನಿಟ್ಟು, ಫೈಲಿನಿಂದ ಅವನ ನಂಬರ್ ಹುಡುಕಿ ನೇಪಾಳಕ್ಕೆ ಕರೆ ಮಾಡಿದೆ.