ಬಿಳಿ ಬಣ್ಣದಡಿಯ ಹನ್ನೊಂದು ಮುಖಪುಟಗಳು

ಬಿಳಿ ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಗೋಡೆಯ ಚಿತ್ರದಲ್ಲಿದ್ದ ಅಂಚೆಯವನ ಮುಖದ ಮುಂದೆ ಹಿಡಿದು ಹಸನಾಕ ಹಾಗೇ ನಿಂತುಬಿಟ್ಟರು.

ಮಸ್ಕತ್ತಿನ ವಾದಿ ಕಬೀರ್‌ನಲ್ಲಿ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ ಅವರು ಕೆಲಸ ಬಿಟ್ಟು ಕಾಯಂ ಆಗಿ ಊರಿಗೆ ಹೊರಟಿದ್ದರು. ಕೋಣೆ ಬಿಡುವವರು ಗೋಡೆಗೆ ಬಿಳಿ ಬಳಿದೇ ಕೀಲಿ ಕೊಡಬೇಕು. ಪಕ್ಕದ ಕೋಣೆಯ ನಾನು ನೆರವಿಗೆ ಹೋಗಿದ್ದೆ. ಗೋಡೆಗೆ ಅಂಟಿಸಿದ ಹಳೆಯ ಅಮೆರಿಕನ್ ಪತ್ರಿಕೆಗಳ ಹನ್ನೊಂದು ಮುಖಪುಟಗಳಿದ್ದವು, ಯಾರೋ ಮನೆ ಖಾಲಿ ಮಾಡುವಾಗ ಎಸೆದಂಥವು. ಎಲ್ಲವೂ ಕೈಯಲ್ಲಿ ಬಿಡಿಸಿದ ಚಿತ್ರಗಳು: ಹಿಮದಲ್ಲಿ ನಡೆಯುವ ಅಂಚೆಯವ, ಗೊಂಬೆಗೆ ಹೊಲಿಗೆ ಹಾಕುವ ಅಜ್ಜ, ರೈಲಿಗೆ ಕಾಯುತ್ತ ನಿದ್ದೆಹೋದ ಕುಟುಂಬ. ಹಸನಾಕ ಮುಖ ಬರೆಯಲು ಕಲಿತದ್ದು ಇವುಗಳನ್ನು ನೋಡಿಯೇ. ಹಿಮವನ್ನೇ ಕಾಣದವರು ಐಸ್‌ಕ್ರೀಂ ಅಂಗಡಿಯ ಬೋರ್ಡಿನಲ್ಲಿ ಹಿಮ ಸುರಿಸಿದ್ದರು.

"ಇದೊಂದನ್ನಾದ್ರೂ ಊರಿಗೆ ಕೊಂಡೋಗಿ ಹಸನಾಕ," ಎಂದು ನಾನು ಒದ್ದೆ ಬಟ್ಟೆ ಒತ್ತಿ ಅಂಚೆಯವನ ಚಿತ್ರದ ಮೂಲೆ ಎಬ್ಬಿಸಿದೆ. ಟೋಪಿ ನನ್ನ ಬೆರಳಿಗೆ ಬಂತು, ಮುಖ ಗೋಡೆಯಲ್ಲೇ ಉಳಿಯಿತು.

"ಬಿಡು ಮಾರಾಯ. ಬೀಳಬಾರ್ದು ಅಂತ ನಾನೇ ಮೈದಾ ಅಂಟು ಕಾಯಿಸಿ ಹಚ್ಚಿದ್ದು. ಇನ್ನು ನೀನು ಅವನ ಚರ್ಮ ಸುಲೀಬೇಡ."

ಮೊದಲ ಸಲ ಅವರೇ ಬಳಿದರು. ಒಣಗಿದ ಮೇಲೂ ಮುಖಗಳು ಮಸುಕಾಗಿ ಕಾಣುತ್ತಿದ್ದವು. ಎರಡನೆಯ ಸಲಕ್ಕೆ ಬ್ರಷ್ಷನ್ನು ನನ್ನ ಕೈಗಿತ್ತು ಹೊರಗೆ ಹೋಗಿ ಕೂತರು. ನಾನು ಬಳಿದೆ.

ಆ ದಿನ, ಶುಕ್ರವಾರ, ನಾನು ಬರೆದ ಡೈರಿಯಲ್ಲಿ ಮುಖಪುಟಗಳ ಎಣಿಕೆಯಿದೆ, ಪ್ರತಿ ಚಿತ್ರದಲ್ಲಿ ಯಾರಿದ್ದರು ಎಂಬುದೂ ಇದೆ. ಬಣ್ಣಗಳನ್ನು ನಾನು ಬರೆದುಕೊಳ್ಳಲಿಲ್ಲ. ಅಂಚೆಯವನ ಅಂಗಿ ನೀಲಿಯಿತ್ತೋ ಬೂದುಬಣ್ಣವಿತ್ತೋ, ಈಗಾಗಲೇ ಮರೆತುಹೋಗಿದೆ.