ಖಡಕ್ ರೊಟ್ಟಿ ಮೆತ್ತಗಾದ ಬೇಸಿಗೆ

ನನ್ನ ಗಂಡನಿಗೆ ಬೆನ್ನು ಬೆವರುವುದಿಲ್ಲ. ಇದನ್ನು ಕೇಳಿದವರು "ಪುಣ್ಯವಂತರು ಬಿಡ್ರಿ, ಹೈದರಾಬಾದಿನಾಗ ಇದ್ದು ಬೆವರಿಲ್ಲ ಅಂದ್ರ" ಎನ್ನುತ್ತಾರೆ. ಅಂಥವರ ಬಾಯಿಗೆ ಹೊಲಿಗೆ ಹಾಕಿಬಿಡಬೇಕು ಅನ್ನಿಸುತ್ತದೆ. ಹಾಕುವುದಿಲ್ಲ, ಚಹಾ ಕೊಟ್ಟು ಕಳಿಸುತ್ತೇನೆ.

ಅವರು ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕುಲುಮೆ ವಿಭಾಗ ನೋಡಿಕೊಳ್ಳುತ್ತಿದ್ದರು. ಉಕ್ಕಿನ ಭಾಗಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಕೆಲಸ. ಒಂದು ದಿನ ಎಣ್ಣೆಯ ತೊಟ್ಟಿಗೆ ಬೆಂಕಿ ಹತ್ತಿತು. ಬೆನ್ನು, ಎದೆ, ಎರಡೂ ತೋಳು ಸುಟ್ಟವು. ಚಳಿಗಾಲವೆಲ್ಲ ಆಸ್ಪತ್ರೆಯಲ್ಲಿ ಕಳೆದು, ತೊಡೆಯ ಚರ್ಮ ತೆಗೆಸಿ ಬೆನ್ನಿಗೆ ಹಾಕಿಸಿಕೊಂಡು ಅವರು ಮನೆಗೆ ಬಂದಾಗ ಬಿಸಿಲು ಆಗಲೇ ಏರಿತ್ತು. ಡಾಕ್ಟರು ಕಳಿಸುವಾಗ ಎರಡು ಮಾತು ಹೇಳಿದರು. ಕೂಡಿಸಿದ ಚರ್ಮದಲ್ಲಿ ಬೆವರು ಬರುವುದಿಲ್ಲ, ಮೈಯ ಕಾವು ಹೊರಗೆ ಹೋಗಲು ದಾರಿ ಕಡಿಮೆ, ಅದಕ್ಕೇ ತಂಪಾಗಿಡಿ, ಕಾವು ತಲೆಗೇರಿದರೆ ಜೀವಕ್ಕೇ ಅಪಾಯ. ಇನ್ನೊಂದು, ಆ ಚರ್ಮ ಒಣಗಿ ಬಿರಿಯಬಾರದು. ಈ ಎರಡು ಮಾತಿನ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ.

ನಮ್ಮದು ಸ್ವಂತ ಮನೆ, ಎಲ್ಲಕ್ಕಿಂತ ಮೇಲಿನ ಮಹಡಿ. ಕೊಳ್ಳುವಾಗ, ತಲೆಯ ಮೇಲೆ ಯಾರ ಕಾಲಿನ ಸಪ್ಪಳವೂ ಇರುವುದಿಲ್ಲ ಎಂದು ಹಿಗ್ಗಿದ್ದೆ. ಮೇ ತಿಂಗಳ ಬಿಸಿಲಿಗೆ ಛಾವಣಿಯ ಸ್ಲ್ಯಾಬು ಹಗಲೆಲ್ಲ ಕಾದು, ಸಂಜೆ ತನ್ನ ಕಾವನ್ನೆಲ್ಲ ನಮ್ಮ ನೆತ್ತಿಯ ಮೇಲೆ ಸುರಿಯುತ್ತದೆ. ಹಾಗಾಗಿ ಅದುವರೆಗೆ ಬೇಡವೆಂದೇ ಇದ್ದ ಎಸಿ ತರಲು ನಾನೊಬ್ಬಳೇ ಹೋದೆ.

ಅಂಗಡಿಯವನು ಟನ್ ಎಂದ, ಸ್ಟಾರ್ ಎಂದ, ತಾಮ್ರದ ಕಾಯಿಲ್ ಎಂದ, ಇನ್ವರ್ಟರ್ ಎಂದ. ಟನ್ ಎಂದರೆ ತೂಕವಿರಬೇಕು, ನಮ್ಮ ಗೋಡೆ ತಾಳೀತೇ ಎಂದು ಕೇಳಿದೆ. ಅವನು ನಗದೆ ಇದ್ದದ್ದು ಅವನ ದೊಡ್ಡಗುಣ. ಇನ್ವರ್ಟರ್ ಎಂಬುದು ಮಾತ್ರ ನನಗೆ ಗೊತ್ತಿತ್ತು, ಕರೆಂಟು ಹೋದಾಗ ಪಕ್ಕದ ಮನೆಯಲ್ಲಿ ದೀಪ ಉರಿಸುವ ಪೆಟ್ಟಿಗೆ ಅದೇ ತಾನೇ. ಕರೆಂಟು ಹೋದರೂ ನಡೆಯುವ ಎಸಿ ತಂದೆ ಎಂದು ಮನೆಗೆ ಬಂದು ಹೇಳಿದಾಗ, ಆಸ್ಪತ್ರೆಯಿಂದ ಬಂದಮೇಲೆ ಮೊದಲ ಸಲ ಗಂಡ ನಕ್ಕರು.

"ಅದು ಮಷೀನ್ ಮೆಲ್ಲಕ, ಜೋರ ಓಡಿಸೋ ಇನ್ವರ್ಟರ್ ಐತಿ. ಬ್ಯಾಟ್ರಿ ಅಲ್ಲ. ಟನ್ ಅಂದ್ರ ಎಷ್ಟ ಕಾವು ಹೊರಗ ಒಯ್ಯಾಕ ಆಗ್ತೈತಿ ಅಂತ ಲೆಕ್ಕ. ಎಸಿ ತಂಪು ತರೂದಿಲ್ಲ, ಕಾವು ಹೊರಗ ಹಾಕ್ತೈತಿ" ಎಂದರು. ಕಾವಿನ ಲೆಕ್ಕ ಅವರಿಗೆ ಬಾಯಿಪಾಠ. ಆದರೆ ಅಷ್ಟು ಮಾತಾಡುವುದರಲ್ಲೇ ಮುಖ ಕೆಂಪಾಗಿ, ದಿಂಬಿಗೆ ಒರಗಿಬಿಟ್ಟರು. ರಿಮೋಟಿನ ಮೇಲೆ ಮಂಜಿನ ಹೂವು, ಸೂರ್ಯ, ಫ್ಯಾನು, ನೀರಿನ ಹನಿಯ ಗುರುತುಗಳಿದ್ದವು. ಹನಿಯ ಗುರುತು ಏನೆಂದು ಕೇಳಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ವಿಜಯಪುರದಿಂದ ಅತ್ತೆ ಬಂದರು. ಮಗನಿಗಾಗಿ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಖಡಕ್ ಜೋಳದ ರೊಟ್ಟಿಯ ಗಂಟು ತಂದಿದ್ದರು. ಅಡುಗೆಮನೆಯಲ್ಲಿ ಇರುವೆಗಳ ಕಾಟವೆಂದು ಗಂಟನ್ನು ಮಗನ ಕೋಣೆಯ ಕಪಾಟಿನ ಮೇಲೇ ಇಟ್ಟರು. ಎಸಿಯನ್ನು ನೋಡಿದ ಕೂಡಲೇ ಅವರ ಹುಬ್ಬು ಗಂಟಾಯಿತು.

"ಇದು ತೊಗಲು ಒಣಗಿಸ್ತೈತಿ. ಹೊಸಾ ತೊಗಲು, ಬಿರಕ ಬಿಟ್ರ ಏನ ಮಾಡ್ತಿ? ಕೂಲರ್ ಹಚ್ಚವಾ. ನಮ್ಮ ಕಡೆ ಬ್ಯಾಸಗಿ ಅಂದ್ರ ಕೂಲರ್ ಒಂದ."

ಡಾಕ್ಟರು ಹೇಳಿದ ಎರಡನೇ ಮಾತೂ ಅದೇ ಆಗಿತ್ತಲ್ಲ. ಎಸಿಯನ್ನೂ ಬಿಡಲಾರೆ, ಚರ್ಮವನ್ನೂ ಒಣಗಿಸಲಾರೆ. ಹಳೆಯ ಕೂಲರನ್ನು ಬಾಲ್ಕನಿಯಿಂದ ಒಳಗೆಳೆದು ಹಾಸಿಗೆಯ ಪಕ್ಕ ನಿಲ್ಲಿಸಿದೆ. ಎಸಿಯ ತಂಪು ಹೋಗಬಾರದೆಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದೆ. ಮೂಲೆಯಲ್ಲೊಂದು ಬಕೆಟ್ ನೀರು, ಕಿಟಕಿಯ ಸರಳಿಗೆ ಒದ್ದೆ ಚಾದರ. ಒಂದು ತಂಪಿಗೆ ಎರಡು ತಂಪು ಸೇರಿದರೆ ಕೋಣೆ ಉದಕಮಂಡಲವಾಗದೇ ಇನ್ನೇನು ಎಂದು ಅತ್ತೆ ಸೊಸೆ ಇಬ್ಬರೂ ಒಪ್ಪಿದೆವು. ನಮ್ಮಿಬ್ಬರ ಸಂಸಾರದಲ್ಲಿ ಒಮ್ಮತವೇ ಅಪರೂಪ, ಅದೂ ಇಂಥದ್ದಕ್ಕೇ ಆಗಬೇಕಿತ್ತೇ.

ಬೇಸಿಗೆಯಲ್ಲಿ ನಮ್ಮ ಬೀದಿಗೆ ಟ್ಯಾಂಕರಿನ ನೀರೇ ಗತಿ. ಕೂಲರು ಕುಡಿಯುವ ನೀರು ಎಲ್ಲಿಂದ ತರುವುದು? ನೋಡಿದರೆ ಎಸಿಯ ಪೈಪಿನಿಂದ ಬಾಲ್ಕನಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಬಕೆಟ್ಟಿಟ್ಟೆ. ತುಂಬಿದಾಗಲೆಲ್ಲ ತಂದು ಕೂಲರಿಗೆ ಸುರಿದೆ. ದಿನದಿನಕ್ಕೆ ಬಕೆಟ್ಟು ಬೇಗಬೇಗ ತುಂಬತೊಡಗಿತು. ಪುಕ್ಕಟೆ ನೀರು ಎಂದು ನನ್ನ ಜಾಣತನಕ್ಕೆ ನಾನೇ ಭೇಷ್ ಎಂದುಕೊಂಡೆ.

ಗಂಡ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತ ಹೋದರು. ಹಣೆಯಲ್ಲಿ, ಕಾಲುಗಳಲ್ಲಿ ಉಳಿದಿದ್ದ ಬೆವರು ಇಳಿಯುತ್ತಿತ್ತು, ಆರುತ್ತಿರಲಿಲ್ಲ. ಬೆನ್ನು ಮುಟ್ಟಿದರೆ ರೊಟ್ಟಿಯ ಹಂಚು. ಉಂಡದ್ದು ವಾಂತಿಯಾಗುತ್ತಿತ್ತು. ತಾಪಮಾನವನ್ನು ಇಳಿಸುವಷ್ಟು ಇಳಿಸಿದೆ, ರಿಮೋಟಿನಲ್ಲಿ ಅಂಕಿ ಇಳಿಯಿತೇ ಹೊರತು ಕೋಣೆ ಇಳಿಯಲಿಲ್ಲ. ರಿಪೇರಿಯವನನ್ನು ಕರೆಸಿದೆ. "ಗ್ಯಾಸ್ ಕಮ್ ಹೈ ಅಮ್ಮಾ" ಎಂದು ಗ್ಯಾಸು ತುಂಬಿ ಹೋದ. ಮರುದಿನವೂ ಅದೇ ಪಾಡು.

"ಉಸರ ಸಿಗವಲ್ದು. ಒದ್ದಿ ಕಂಬಳಿ ಹೊಚ್ಚಿದಂಗ ಐತಿ" ಎಂದರು ಒಂದು ಮಧ್ಯಾಹ್ನ. ಆಮೇಲೆ ಕಣ್ಣು ಮುಚ್ಚಿಕೊಂಡೇ, "ನನ್ನ ಕುಲುಮಿಗೇ ಒಯ್ದು ಬಿಡ. ಅಲ್ಲೇ ಇದಕ್ಕಿಂತ ಚಲೋ ಇತ್ತು" ಎಂದರು.

ನಾನು ಅಡುಗೆಮನೆಗೆ ಹೋಗಿ ಮಿಕ್ಸರ್ ಹಚ್ಚಿ ಅತ್ತುಬಿಟ್ಟೆ. ಖಾಲಿ ಮಿಕ್ಸರ್, ಸದ್ದಿಗಾಗಿ. ಬೆಂಕಿಯಿಂದ ಉಳಿದು ಬಂದ ಮನುಷ್ಯ ನನ್ನ ಮನೆಯಲ್ಲಿ, ನಾನು ತಂದ ಎರಡು ಯಂತ್ರಗಳ ನಡುವೆ ಸಾಯುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು. ದೇವರ ಮೇಲೆ, ಅಂಗಡಿಯವನ ಮೇಲೆ, ಮೇ ತಿಂಗಳ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಸಂಜೆ ಮತ್ತೆ ಆಸ್ಪತ್ರೆಗೆ ಸೇರಿಸುವುದೆಂದು ನಿರ್ಧರಿಸಿ, ಅವರ ಬಟ್ಟೆಗಳನ್ನು ಚೀಲಕ್ಕೆ ತುಂಬಿಟ್ಟು ಕಣ್ಣೊರೆಸಿಕೊಂಡೆ. ಬಾಲ್ಕನಿಯ ಬಕೆಟ್ಟು ತುಂಬಿತ್ತು. ಅಭ್ಯಾಸಬಲದಿಂದ ಅದನ್ನೆತ್ತಿಕೊಂಡು ಕೋಣೆಗೆ ಬಂದೆ.

ಅತ್ತೆ ಕಪಾಟಿನ ಮೇಲಿನ ಗಂಟು ಬಿಚ್ಚಿ ನಿಂತಿದ್ದರು. ಕೈಯಲ್ಲಿದ್ದ ರೊಟ್ಟಿ ಒದ್ದೆ ಕರವಸ್ತ್ರದಂತೆ ಜೋತುಬಿದ್ದಿತ್ತು.

"ಏನ ಮಾಡಿಟ್ಟಿ ಇದಕ್ಕ? ಮೂರು ತಿಂಗಳ ಇಟ್ರೂ ಕಟಕ್ ಅನ್ನೂ ರೊಟ್ಟಿ. ಮಳಿಗಾಲದಾಗ ಬಿಟ್ರ ಹಿಂಗ ಮೆತ್ತಗ ಆಗೂದ ಇಲ್ಲ."

ಬಾಯಿತುಂಬ ಉತ್ತರ ಸಿದ್ಧವಿತ್ತು, ಗಂಟು ಇಲ್ಲಿಟ್ಟವರು ನೀವೇ ಎಂದು. ಆದರೆ ಮಳೆಗಾಲ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಹೊರಗೆ ತೊಗರಿಬೇಳೆ ಹರವಿದರೆ ಗಳಿಗೆಯಲ್ಲಿ ಗರಿಗರಿಯಾಗುವ ಮೇ ತಿಂಗಳು. ಈ ಕೋಣೆಯಲ್ಲಿ ಮಾತ್ರ ಮಳೆಗಾಲ. ಎಲ್ಲಿಂದ ಬಂತು? ನನ್ನ ಕೈಯಲ್ಲಿದ್ದ ಬಕೆಟ್ಟನ್ನು ನೋಡಿದೆ. ಕೂಲರು ಈ ನೀರನ್ನು ಗಾಳಿಗೆ ಬೆರೆಸುತ್ತದೆ. ಎಸಿ ಆ ಗಾಳಿಯಿಂದ ಇದೇ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ನಾನು ಇದನ್ನೇ ಹೊತ್ತು ತಂದು ಮತ್ತೆ ಕೂಲರಿಗೆ ಸುರಿಯುತ್ತೇನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಸಿಯ ಶಕ್ತಿಯೆಲ್ಲ ನೀರು ಹಿಂಡುವುದರಲ್ಲೇ ಹೋಗುತ್ತಿತ್ತು, ಕಾವು ಅಲ್ಲೇ ಇತ್ತು. ಹಸಿ ಗಾಳಿಯಲ್ಲಿ ಅವರಿಗೆ ಉಳಿದ ಚೂರುಪಾರು ಬೆವರೂ ಆರದೆ ವ್ಯರ್ಥವಾಗುತ್ತಿತ್ತು. ಬಕೆಟ್ಟನ್ನು ಕೆಳಗಿಟ್ಟೆ.

ಕೂಲರನ್ನು ಹೊರಗೆ ನೂಕಿದೆ. ಮೂಲೆಯ ಬಕೆಟ್ಟು, ಒದ್ದೆ ಚಾದರ ಎಲ್ಲ ಹೋದವು. "ತೊಗಲು ಬಿರಿತೈತಿ" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಎಣ್ಣಿ ಹಚ್ಚೂಣ್ರೀ ಅತ್ತಿ, ತೊಗಲಿಗೆ ಎಣ್ಣಿ ಸಾಕು" ಎಂದು ಅವರ ಪಕ್ಕದಿಂದಲೇ ಎಲ್ಲವನ್ನೂ ಸಾಗಿಸಿದೆ. ರಿಮೋಟಿನ ಹನಿಯ ಗುರುತು ನೀರು ಕೊಡುವುದಕ್ಕಲ್ಲ, ತೆಗೆಯುವುದಕ್ಕೆ ಎಂದು ಈಗ ಹೊಳೆಯಿತು. ಅದನ್ನೊತ್ತಿ, ಸ್ವಲ್ಪ ಹೊತ್ತಿನ ಮೇಲೆ ತಂಪಿನ ಗುರುತಾದ ಮಂಜಿನ ಹೂವಿಗೆ ತಂದೆ. ಸಂಜೆಯ ಹೊತ್ತಿಗೆ ಅವರು ಕಣ್ಣು ಬಿಟ್ಟು, ಕಾಲ ಮೇಲೆ ಏನಾದರೂ ಹೊದಿಸು ಎಂದರು. ಆಸ್ಪತ್ರೆಯ ಚೀಲವನ್ನು ಮಂಚದ ಕೆಳಗೆ ಸರಿಸಿದೆ, ಬಿಚ್ಚಲಿಲ್ಲ.

ಮರುದಿನ ನಡೆದದ್ದನ್ನೆಲ್ಲ ಹೇಳಿದಾಗ ಅವರು ಛಾವಣಿ ನೋಡುತ್ತ ಕೇಳಿಸಿಕೊಂಡರು. "ಕುಲುಮಿ ಮುಂದ ಹೊಸಬರು ಬೆವರು ಒರಿಸ್ಕೋತ ನಿಲ್ತಿದ್ರು. ಒರಸಬ್ಯಾಡ್ರಿ, ಅದು ಆರಿದ್ರನ ಮೈ ತಂಪ ಆಗೂದು ಅಂತ ನಾನ ಹೇಳ್ತಿದ್ದೆ. ನನಗ ಯಾಕ ಹೊಳೀಲಿಲ್ಲ" ಎಂದರು. ಹೊಳೆಯುವ ಸ್ಥಿತಿಯಲ್ಲಿ ಅವರು ಎಲ್ಲಿದ್ದರು?

ಅದೇ ವಾರ, ನೆತ್ತಿಯ ಮೇಲೆ ಬಿಸಿಲಿರುವಾಗ ಟ್ರಾನ್ಸ್‌ಫಾರ್ಮರ್ ಸಿಡಿದು ಕರೆಂಟು ಹೋಯಿತು. ನನ್ನ ಇನ್ವರ್ಟರ್ ಎಸಿ ಸುಮ್ಮನಾಯಿತು. ಸ್ಲ್ಯಾಬಿನ ಕಾವು ಕೋಣೆಯೊಳಗೆ ಸುರಿಯತೊಡಗಿತು, ಅವರ ಮುಖ ಮತ್ತೆ ಕೆಂಪೇರಿತು. ನಾಲ್ಕು ಮಹಡಿ ಇಳಿಸಿ ಎಲ್ಲಿಗೆ ಒಯ್ಯಲಿ, ಬೀದಿಯೇ ಕುಲುಮೆಯಾಗಿದೆ.

ಕಿಟಕಿಗಳನ್ನೆಲ್ಲ ತೆರೆದೆ. ಒಣ ಬಿಸಿಗಾಳಿ ನುಗ್ಗಿತು. ಬಾಲ್ಕನಿಯಿಂದ ಎಸಿ ಹಿಂಡಿದ ನೀರಿನ ಬಕೆಟ್ಟು ತಂದೆ. ಕೈಗೆ ಸಿಕ್ಕಿದ್ದು ರೊಟ್ಟಿ ಕಟ್ಟಿದ್ದ ಬಿಳಿ ಬಟ್ಟೆ. ಅದನ್ನದ್ದಿ ಅವರ ಬೆನ್ನಿಗೆ ತೆಳ್ಳಗೆ ನೀರು ಹಚ್ಚಿದೆ. ಅತ್ತೆ ಮೊರ ತಂದು ಬೀಸತೊಡಗಿದರು. ನೋಡನೋಡುತ್ತ ನೀರು ಆರಿತು. ಮತ್ತೆ ಹಚ್ಚಿದೆ. ಮತ್ತೆ ಆರಿತು. ಬೆನ್ನಿನ ಕಾವು ನನ್ನ ಅಂಗೈಯಡಿಯಲ್ಲಿ ಮೆಲ್ಲಗೆ ಇಳಿಯಿತು.

"ಭಾಳ ದಿನದ ಮ್ಯಾಲೆ ಬೆನ್ನು ಬೆವತಂಗಾತು ನೋಡ" ಎಂದರು ಗಂಡ.

ನನಗೆ ಅಳು ಬಂತು, ಈ ಸಲ ಮಿಕ್ಸರ್ ಹಚ್ಚಲು ಕರೆಂಟಿರಲಿಲ್ಲ. ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಅದ್ದಿದೆ. ಕರೆಂಟು ಬರುವವರೆಗೆ ಅವರ ಬೆವರು ನಾನೇ ಆಗಬೇಕಿತ್ತು.