ಮಕ್ಕಳ ಹಲ್ಲು ನೋಡುತ್ತಿದ್ದ ಅಂಗನವಾಡಿ ಅಕ್ಕ

ಅಕ್ಕ ಸೀಬೆಹಣ್ಣನ್ನು ಕಚ್ಚಿ ತಿಂದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅಂಗನವಾಡಿಯ ಹಿತ್ತಿಲಲ್ಲಿ ಒಂದು ಸೀಬೆಮರವಿತ್ತು. ಮಕ್ಕಳು ಇಡೀ ಹಣ್ಣನ್ನೇ ಕಚ್ಚುತ್ತ ಓಡಾಡುವಾಗ ಅವರು ಮೆಟ್ಟಿಲ ಮೇಲೆ ಕೂತು, ತಮ್ಮ ಪಾಲಿನದನ್ನು ಚಾಕುವಿನಿಂದ ತೆಳ್ಳಗೆ ಹೆಚ್ಚಿ, ಒಂದೊಂದೇ ಹೋಳನ್ನು ಬಾಯಿಯ ಪಕ್ಕಕ್ಕೆ ಸರಿಸಿ ದವಡೆಹಲ್ಲಿನಲ್ಲಿ ಅಗಿಯುತ್ತಿದ್ದರು. ಅವರ ಕೆಳದವಡೆ ಮುಂದಕ್ಕೆ ಚಾಚಿಕೊಂಡಿತ್ತು. ಮೇಲಿನ ಮುಂಹಲ್ಲುಗಳು ಕೆಳಗಿನವುಗಳ ಹಿಂದೆ ಮರೆಯಾಗಿ, ಎರಡೂ ಸಾಲು ಒಂದಕ್ಕೊಂದು ಸಂಧಿಸುತ್ತಿರಲಿಲ್ಲ. ‘ಸ’ ಎನ್ನುವಾಗ ಅಕ್ಷರಕ್ಕಿಂತ ಗಾಳಿಯೇ ಹೆಚ್ಚು ಬರುತ್ತಿತ್ತು.

ನಾನು ಐ.ಡಿ.ಹಳ್ಳಿ ಹತ್ತಿರದ ಒಂದು ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದಾಗ ಅಕ್ಕ ಅಲ್ಲಿನ ಅಂಗನವಾಡಿಯಲ್ಲಿ ಹಳಬರಾಗಿದ್ದರು. ಪಾವಗಡದ ಕಡೆಯವರು, ಬಲಸಮುದ್ರದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದವರು. ಅವರ ಕನ್ನಡದೊಳಗೆ ತೆಲುಗು ಕೇಳದೆಯೇ ಬಂದು ಸೇರಿಕೊಳ್ಳುತ್ತಿತ್ತು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿನ ಹೆಂಗಸರಿಗೆಲ್ಲ ಅವರು ಅಂಗನವಾಡಿ ಅಕ್ಕ. ನನ್ನನ್ನು ಮೊದಲ ದಿನದಿಂದಲೂ ಟೀಚರಮ್ಮ ಎಂದೇ ಕರೆದರು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವರು ಮಕ್ಕಳನ್ನು ಗೋಡೆಯ ಪಕ್ಕ ಬಿಸಿಲಿಗೆ ನಿಲ್ಲಿಸಿ, ಒಬ್ಬೊಬ್ಬರ ಮುಂದೆ ಮಂಡಿಯೂರಿ, “ಏದಿ, ನೋರು ತೆರುವು” ಎನ್ನುತ್ತಿದ್ದರು. ತೆಲುಗು ಬಾರದ ಮಕ್ಕಳೂ ಆ ಮಾತಿಗೆ ಬಾಯಿ ಅಗಲಿಸುವುದನ್ನು ಕಲಿತಿದ್ದವು. ಆಮೇಲೆ, “ಈಗ ಗಟ್ಟಿಗೆ ಕಚ್ಚು, ಈ ಅನ್ನು.” ಮೇಲಿನ ಹಲ್ಲು ಹೊರಗೆ, ಕೆಳಗಿನ ಹಲ್ಲು ಒಳಗೆ ಇದ್ದರೆ ಬೆನ್ನು ತಟ್ಟಿ ಕಳಿಸುತ್ತಿದ್ದರು. ಹಾಗಿಲ್ಲದಿದ್ದರೆ, ಬೆರಳು ಚೀಪುವವರಾದರೆ, ಬಾಯಲ್ಲೇ ಉಸಿರಾಡುವವರಾದರೆ ಸಂಜೆ ಆ ಮನೆಗೆ ಹೋಗಿ ಹೇಳುತ್ತಿದ್ದರು. ಹೀಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಊರವರು ನಗುತ್ತಿದ್ದರು. ನಾನೂ ನಕ್ಕವಳೇ.

ನನ್ನ ಮಗಳಿಗೆ ಐದು ವರ್ಷವಾಗಿದ್ದಾಗ ಒಂದು ಸಂಜೆ ಅವರು ನಮ್ಮ ಮನೆ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಜಗುಲಿಯ ಅಂಚಿನಲ್ಲೇ ಕೂತರು.

“ಟೀಚರಮ್ಮ, ಪಾಪ ಬಾಯಿ ಮುಚ್ಚಿದ್ರೆ ಕೆಳಗಿನ ಹಲ್ಲು ಮುಂದಕ್ಕೆ ಬತ್ತದೆ. ಒಂದ್ಸಲ ಹಲ್ಲಿನ ಡಾಕ್ಟ್ರಿಗೆ ತೋರ್ಸಿ.”

“ಹಾಲುಹಲ್ಲು ತಾನೇ ಅಕ್ಕ, ಬಿದ್ದುಹೋಗ್ತವೆ” ಎಂದೆ.

“ಹಲ್ಲು ಬೀಳ್ತದೆ, ದವಡೆ ಬೀಳಲ್ಲ ಕಣಮ್ಮ. ಅದು ಬೆಳೀತಾನೇ ಇರ್ತದೆ. ಈಗ್ಲೇ ಅಲ್ದಿದ್ರೂ ಏಳು ವರ್ಷ ತುಂಬೋ ಹೊತ್ಗೆ ತೋರಿಸ್ಲೇಬೇಕು.”

ಆಗಲಿ ಎಂದೆ. ಅವರು ಹೋದ ಮೇಲೆ ಮರೆತೆ.

ಎರಡು ವರ್ಷದ ನಂತರ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅವರು ಮತ್ತೆ ಬಂದರು. ಆ ದಿನ ಮನೆಗೆ ನನ್ನ ಅಣ್ಣ ಅತ್ತಿಗೆ ಕೊರಟಗೆರೆಯಿಂದ ಬಂದಿದ್ದರು. ಅವರೆದುರೇ ಅಕ್ಕ ಮಗಳ ಗಲ್ಲ ಹಿಡಿದು, “ನೋಡಿ, ಹೊಸ ಹಲ್ಲೂ ಒಳಗೇ ಬಂದ್ಬುಟ್ಟದೆ” ಎಂದರು. ಅತ್ತಿಗೆ ಒಮ್ಮೆ ಮಗಳ ಮುಖವನ್ನೂ ಒಮ್ಮೆ ಅಕ್ಕನ ಮುಖವನ್ನೂ ನೋಡಿದಳು. ಆ ನೋಟ ನನಗೆ ಚುಚ್ಚಿತು. ಹತ್ತನೇ ಕ್ಲಾಸು ಓದಿದವರು ಎಂ.ಎ. ಮಾಡಿದ ನನಗೆ ಬುದ್ಧಿ ಹೇಳುತ್ತಿದ್ದಾರೆ ಎಂಬುದೂ ಮನಸ್ಸಿನಲ್ಲಿತ್ತು. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲೇಬೇಕು.

“ನಿಮಗೆ ಹಾಗಾಗಿದೆ ಅಂತ ಊರಿನ ಮಕ್ಕಳಿಗೆಲ್ಲ ಹಾಗೇ ಆಗುತ್ತೆ ಅಂದ್ಕೋಬೇಡಿ ಅಕ್ಕ.”

ಅವರು ಮಗಳ ಗಲ್ಲದಿಂದ ಕೈ ತೆಗೆದರು. ಕೋಪ ಮಾಡಿಕೊಳ್ಳಲಿಲ್ಲ. “ಆಗ್ಬಾರ್ದು ಅಂತಾನೇ ಕಣಮ್ಮ ಹೇಳಕ್ ಬಂದಿದ್ದು” ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಆಮೇಲೆ ದಾರಿಯಲ್ಲಿ ಎದುರಾದರೆ ನಗುತ್ತಿದ್ದರು, ಆದರೆ ಹಲ್ಲಿನ ಮಾತೆತ್ತಲಿಲ್ಲ.

ದವಡೆ ಒಂದೇ ದಿನಕ್ಕೆ ಬೆಳೆಯುವುದಿಲ್ಲವಾದ್ದರಿಂದ ದಿನಾ ನೋಡುವ ತಾಯಿಗೆ ಅದು ಕಾಣುವುದಿಲ್ಲ. ಹನ್ನೊಂದನೇ ವರ್ಷದ ಹೊತ್ತಿಗೆ ಮಗಳು ಫೋಟೋ ಎಂದರೆ ಮುಖ ತಿರುಗಿಸತೊಡಗಿದಳು. ಮಧ್ಯಾಹ್ನದ ಊಟಕ್ಕೆ ಗೆಳತಿಯರ ಜೊತೆ ಕೂರುವುದನ್ನು ಬಿಟ್ಟಳು. ಕ್ಲಾಸಿನಲ್ಲಿ ಅವಳಿಗೊಂದು ಅಡ್ಡಹೆಸರು ಬಿದ್ದಿದೆ ಎಂಬುದು ಬಹಳ ತಡವಾಗಿ ಗೊತ್ತಾಯಿತು. ಆ ಹೆಸರನ್ನು ನಾನು ಬರೆಯಲಾರೆ. ಹದಿಮೂರಕ್ಕೆ ತುಮಕೂರಿನ ದಂತ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬೆಳೆಯೋ ಮೂಳೆಗೆ ದಾರಿ ತೋರಿಸ್ಬಹುದು. ಏಳೆಂಟು ವರ್ಷದಲ್ಲಿ ಬಂದಿದ್ರೆ ಮೇಲ್ದವಡೆಯನ್ನ ಮುಂದಕ್ಕೆ ತರೋ ಪ್ರಯತ್ನ ಮಾಡ್ತಿದ್ವಿ. ಪೂರ್ತಿ ಸರಿಹೋಗ್ತಿತ್ತು ಅಂತ ಹೇಳಲ್ಲ. ಒಂದು ಅವಕಾಶ ಇರ್ತಿತ್ತು. ಇನ್ನು ಬೆಳವಣಿಗೆ ನಿಲ್ಲೋ ತನಕ ಕಾಯ್ಬೇಕು. ಆಮೇಲೆ ಬಹುಶಃ ಆಪರೇಷನ್ನೇ.”

ವಾಪಸ್ಸು ಬರುವಾಗ ಬಸ್ಸು ಕೊರಟಗೆರೆ ದಾಟಿತು. ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: “ಅಮ್ಮ, ಅವಾಗ ಯಾರಿಗೂ ಗೊತ್ತಾಗ್ಲಿಲ್ವಾ?”

“ಇಲ್ಲ ಪುಟ್ಟಿ” ಎಂದೆ.

ಅದೇ ವರ್ಷ ಅವಳ ತಮ್ಮನಿಗೆ, ನನ್ನ ಮಗನಿಗೆ, ಏಳು ತುಂಬಿತು. ಒಂದು ಬೆಳಿಗ್ಗೆ ನಾನು ಅವನನ್ನು ಶಾಲೆಗೆ ಬಿಡಲು ಹೋದಾಗ, ಅದೇ ಕಾಂಪೌಂಡಿನಲ್ಲಿದ್ದ ಅಂಗನವಾಡಿಯ ಗೇಟಿನಲ್ಲಿ ಅಕ್ಕ ನಿಂತಿದ್ದರು. ಹತ್ತಿರ ಬಂದರು, ಹಿಂಜರಿದರು, ಆಮೇಲೆ ಹೇಳಿಯೇಬಿಟ್ಟರು: “ಟೀಚರಮ್ಮ, ಬೈಕೊಂಡ್ರೂ ಪರವಾಗಿಲ್ಲ. ಮಗೂದು ಮೇಲಿನ ಒಂದು ಹಲ್ಲು ಒಳಕ್ಕೆ ಸಿಕ್ಕಾಕಂಡದೆ.”

ನಾನು ಅವರ ಕೈ ಹಿಡಿದುಕೊಂಡೆ. “ನೀವೂ ನಮ್ಮ ಜೊತೆ ಬನ್ನಿ ಅಕ್ಕ” ಎಂದೆ.

ಆ ವಾರವೇ ಮೂವರೂ ತುಮಕೂರಿಗೆ ಹೋದೆವು. ಅದೇ ಡಾಕ್ಟರು. ಮಗನ ಬಾಯಿ ನೋಡಿ, ಅಳತೆ ತೆಗೆದುಕೊಂಡು, ಇದು ದವಡೆಯ ತೊಂದರೆಯಲ್ಲ, ಹಲ್ಲಿನದು ಮಾತ್ರ, ಬಾಯಲ್ಲಿ ಹಾಕಿ ತೆಗೆಯಬಹುದಾದ ಒಂದು ಪುಟ್ಟ ಪ್ಲೇಟಿನಿಂದ ಕೆಲವೇ ತಿಂಗಳಲ್ಲಿ ಸರಿಹೋಗುತ್ತದೆ ಎಂದರು. ಹಾಗೆಯೇ ಆಯಿತು. ಇಷ್ಟು ಬೇಗ ಗಮನಿಸಿದ್ದು ಯಾರು ಎಂದು ಅವರು ಕೇಳಿದಾಗ ನಾನು ಅಕ್ಕನನ್ನು ತೋರಿಸಿದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದರು.

ಬರುವಾಗ ಮಗ ನನ್ನ ತೊಡೆಯ ಮೇಲೆ ನಿದ್ದೆ ಹೋದ. ಇಷ್ಟೊಂದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

“ಟ್ರೈನಿಂಗ್‌ನಲ್ಲಿ ಒಬ್ಬ ಲೇಡಿ ಡಾಕ್ಟ್ರು ಬಂದಿದ್ರು. ಮಕ್ಕಳ ಹಲ್ಲಿನ ಪಟ ತೋರ್ಸಿದ್ರು. ಒಂದು ಪಟ ನನ್ನ ಬಾಯಿ ಇದ್ದಂಗೇ ಇತ್ತು. ಇದನ್ನ ಚಿಕ್ಕಂದಿನಲ್ಲೇ ತೋರ್ಸಿದ್ರೆ ಎಷ್ಟೋ ಸರಿ ಮಾಡ್ಬೋದು ಅಂದ್ರು. ನಾನು ಎದ್ದು ಆಚೆ ಹೋಗಿ ಅತ್ಬುಟ್ಟೆ ಟೀಚರಮ್ಮ. ಅಲ್ಲೀ ಗಂಟ ಅದು ದೇವ್ರು ಕೊಟ್ಟಿದ್ದು ಅಂದ್ಕಂಡಿದ್ದೆ. ನಮ್ಮೂರ ಸ್ಕೂಲಲ್ಲಿ ಪ್ರಾರ್ಥನೆಗೆ ನಂದೇ ಒಳ್ಳೇ ಗಂಟ್ಲು. ಆದ್ರೂ ಹಿಂದಿನ ಸಾಲಲ್ಲೇ ನಿಲ್ಲಿಸೋರು.”

 “ಅವತ್ತು ನಾನು ಆಡಿದ ಮಾತಿಗೆ...” ಎಂದು ಶುರು ಮಾಡಿದೆ. ಅವರು ಮುಗಿಸಲು ಬಿಡಲಿಲ್ಲ.

“ಬುಡಮ್ಮ. ನಾನು ಇನ್ನೊಂದ್ಸಲ ಬಂದು ಜಗಳ ಆಡ್ಬೇಕಿತ್ತು. ನಿನ್ನ ಮಾತಿಗೆ ಬೇಜಾರಾಗಿ ಸುಮ್ಕಾಗ್ಬುಟ್ಟೆ. ದೊಡ್ಡೋಳ ಮುಖ ನೋಡ್ದಾಗೆಲ್ಲ ಅದೇ ಅನ್ನುಸ್ತದೆ. ತಪ್ಪು ನಂದೂ ಅದೆ.”

ಅವರು ಮೊದಲ ಬಾರಿಗೆ ನನ್ನನ್ನು ಏಕವಚನದಲ್ಲಿ ಕರೆದಿದ್ದರು. ನನಗೆ ಅಳು ಬಂತು. ನಾನು ಕೇಳಬೇಕಿದ್ದ ಕ್ಷಮೆಯನ್ನು ಅವರೇ ಕೇಳಿಬಿಟ್ಟಿದ್ದರು.

ಎರಡು ವರ್ಷ ಕಳೆಯಿತು. ಹೋದ ಮಳೆಗಾಲದಲ್ಲಿ ಅಕ್ಕ ಜ್ವರವೆಂದು ಮಲಗಿದವರು ಏಳಲಿಲ್ಲ. ಮಧುಗಿರಿಗೆ ಕರೆದೊಯ್ದರು, ಅಲ್ಲಿಂದ ತುಮಕೂರಿಗೂ ಕರೆದೊಯ್ದರು. ಐದನೇ ದಿನ ಸುದ್ದಿ ಬಂತು. ಮಧ್ಯಾಹ್ನ ಅವರನ್ನು ಅಂಗನವಾಡಿಯ ಮುಂದೆ ಮಲಗಿಸಿದರು. ಸುತ್ತಲ ಹಳ್ಳಿಗಳಿಂದ ಹೆಂಗಸರು ಬಂದರು. ಒಬ್ಬ ತಾಯಿ ತನ್ನ ಮಗಳನ್ನು ಮುಂದಕ್ಕೆ ತಂದು, “ಇವಳು ಬೆರಳು ಚೀಪೋದು ಬಿಡಿಸಿದ್ದು ಅಕ್ಕನೇ” ಎಂದು ಯಾರಿಗೆಂದಿಲ್ಲದೆ ಹೇಳಿ ಅತ್ತಳು. ಬಲಸಮುದ್ರದ ಕಡೆಯಿಂದ ಬಂದ ಅವರ ತಮ್ಮ, ಅಷ್ಟು ಜನರನ್ನು ನೋಡಿ ಇವರೆಲ್ಲ ಯಾರು ಎಂದು ಕೇಳುತ್ತಿದ್ದ.

ಮಗಳು ನನ್ನ ಪಕ್ಕದಲ್ಲಿ ನಿಂತಿದ್ದಳು. ಈಗ ಹತ್ತನೇ ಕ್ಲಾಸು. ಹೊರಗೆ ಬಂದರೆ ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುತ್ತಾಳೆ. ರೋಗಕ್ಕೆ ಹೆದರಿ ಅಲ್ಲ. ಮನೆಗೆ ಬಂದ ಮೇಲೆ ಅವಳನ್ನು ಕೂರಿಸಿಕೊಂಡು ಹೇಳಿದೆ. ಆ ಅಕ್ಕ ನಿನ್ನ ಹಲ್ಲನ್ನು ಐದನೇ ವರ್ಷದಲ್ಲೇ ನೋಡಿದ್ದರು. ಬಂದು ಹೇಳಿದ್ದರು. ಬಸ್ಸಿನಲ್ಲಿ ನಿನಗೆ ಸುಳ್ಳು ಹೇಳಿದೆ.

ಅವಳು ಕೂಗಾಡಲಿಲ್ಲ. ಎದ್ದು ಒಳಗೆ ಹೋದಳು. ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಕೋಣೆಯಲ್ಲಿ ಊಟ ಮಾಡಿದಳು. ಒಂಬತ್ತನೇ ದಿನ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಅವರು ಎಷ್ಟು ಸಲ ಬಂದಿದ್ರು?”

“ಎರಡು ಸಲ” ಎಂದೆ. “ಮೂರನೇ ಸಲ ಬರದ ಹಾಗೆ ನಾನೇ ಮಾಡಿದೆ.”